ಗುಡ್ಡ ಹತ್ತುವ ಕಂಪ್ಯೂಟರು

ನಲವತ್ತಾರು ದಾಟಿದ ಮೇಲೆ ವೈಶಾಲಿಗೆ ಗುಡ್ಡ ಹತ್ತುವ ಹುಚ್ಚು ಹಿಡಿಯಿತು. ಹುಚ್ಚು ಅಂದದ್ದು ಅವಳ ಗಂಡ ಕೈಲಾಸ. ನನ್ನನ್ನು ಕೇಳಿದರೆ, ಅಷ್ಟು ವರ್ಷ ಅದು ಹಿಡಿಯದೆ ಇದ್ದದ್ದೇ ಆಶ್ಚರ್ಯ. ಕಳಂಬೋಲಿಯ ಅವರ ಮೂರನೆಯ ಮಹಡಿಯ ಅಡುಗೆಮನೆಯ ಕಿಟಕಿಯಿಂದ, ಕಬ್ಬಿಣದ ಮಾರ್ಕೆಟ್ಟಿನ ತಗಡಿನ ಮಾಡುಗಳ ಆಚೆ, ಮಾಥೇರಾನಿನ ಗುಡ್ಡಸಾಲು ಕಾಣುತ್ತಿತ್ತು. ಮಳೆಗಾಲದಲ್ಲಿ ಹಸಿರು, ಬೇಸಗೆಯಲ್ಲಿ ಬೂದಿ ಬಣ್ಣ. ಮದುವೆಯಾಗಿ ಬಂದಾಗಿನಿಂದ ರೊಟ್ಟಿ ಬಡಿಯುತ್ತ ಅವಳು ಅದನ್ನು ನೋಡಿದ್ದಳು. ಹೋಗಬೇಡ ಎಂದು ಯಾರೂ ಅಂದಿರಲಿಲ್ಲ. ಹೋಗೋಣ ನಡಿ ಎಂದೂ ಯಾರೂ ಅಂದಿರಲಿಲ್ಲ.

ಆದರೆ ಅವಳು ಹತ್ತಬೇಕೆಂದುಕೊಂಡದ್ದು ಆ ಗುಡ್ಡವನ್ನಲ್ಲ. ಮಗ ಸ್ವಪ್ನಿಲ್‌ಗೆ ನ್ಹಾವಾ ಶೇವಾ ಬಂದರಿನ ಹತ್ತಿರ ಕೆಲಸ ಸಿಕ್ಕಿ, ಆಫೀಸಿನವರು ಹೊಸ ಲ್ಯಾಪ್‌ಟಾಪು ಕೊಟ್ಟ ಮೇಲೆ, ಅವನ ಕಾಲೇಜಿನ ಹಳೆಯದು ಟಿವಿಯ ಕೆಳಗೆ ಬಿದ್ದಿತ್ತು. ಒಂದು ಮಧ್ಯಾಹ್ನ ಧೂಳು ಒರೆಸಲು ಹೋಗಿ ಅವಳು ಅದನ್ನು ತೆರೆದಳು. ಒಳಗೊಂದು ಆಟವಿತ್ತು. ಹೆಗಲ ಮೇಲೆ ಕಂಬಳಿ ಹೊದ್ದ ಒಬ್ಬ ಹೆಂಗಸು ಬಯಲಿನಲ್ಲಿ ನಿಂತಿದ್ದಳು. ಗುಂಡಿ ಒತ್ತಿದರೆ ನಡೆಯುತ್ತಿದ್ದಳು. ಯಾರನ್ನೂ ಹೊಡೆಯುವುದಿಲ್ಲ, ಕೊಲ್ಲುವುದಿಲ್ಲ, ಸುಮ್ಮನೆ ನಡೆಯುವುದು. ಅವಳು ನಡೆದತ್ತ ಹುಲ್ಲು ಬಾಗುತ್ತಿತ್ತು, ಮೋಡದ ನೆರಳು ನೆಲದ ಮೇಲೆ ಹರಿಯುತ್ತಿತ್ತು, ಮೇಕೆಗಳು ತಲೆಯೆತ್ತಿ ನೋಡಿ ಮತ್ತೆ ಮೇಯುತ್ತಿದ್ದವು. ಸ್ವಪ್ನಿಲ್‌ಗೆ ಅದು ಬೇಸರದ ಆಟ. ವೈಶಾಲಿಗೆ ಅವತ್ತು ಚಹಾದ ಹೊತ್ತು ಮೀರಿದ್ದೂ ಗೊತ್ತಾಗಲಿಲ್ಲ.

ನಡೆಯುತ್ತ ಹೋದರೆ ಒಂದು ಕೆರೆ ಬರುತ್ತಿತ್ತು. ಕೆರೆಯ ಆಚೆ ಒಂದು ಗುಡ್ಡ, ಗುಡ್ಡದ ನೆತ್ತಿಯ ಮೇಲೆ ಒಂಟಿ ಮರ. ಆ ಮರದ ಬುಡದಲ್ಲಿ ನಿಂತು ಆಚೆ ಏನಿದೆ ಎಂದು ನೋಡಬೇಕು, ಅವಳ ಆಸೆ ಅಷ್ಟೇ. ಆದರೆ ಕೆರೆ ಹತ್ತಿರವಾದ ಕೂಡಲೇ ಲ್ಯಾಪ್‌ಟಾಪಿನ ಫ್ಯಾನು ಕಿರುಚಲು ಶುರುಮಾಡುತ್ತಿತ್ತು. ನೀರು ಚೌಕ ಚೌಕವಾಗಿ ಒಡೆಯುತ್ತಿತ್ತು, ಮೇಕೆಗಳು ಗಾಳಿಯಲ್ಲಿ ನೇತಾಡುತ್ತಿದ್ದವು, ಆಮೇಲೆ ಎಲ್ಲ ಕಪ್ಪು. ತಿಂಗಳುಗಟ್ಟಲೆ ಅವಳು ಆ ಕೆರೆಯ ದಂಡೆಯಿಂದ ವಾಪಸು ಬಂದಳು.

ಶ್ರಾವಣದ ಒಂದು ಸಂಜೆ, ಎಲ್ಲರೂ ಊಟಕ್ಕೆ ಕೂತಾಗ, ಝುಣಕ ಬಡಿಸುತ್ತ ಅವಳು ಅಂದಳು:

"ನನಗೊಂದು ಕಂಪ್ಯೂಟರ್ ಬೇಕಾಗೇತಿ."

ಕೈಲಾಸ ತಟ್ಟೆಯಿಂದ ತಲೆಯೆತ್ತಲಿಲ್ಲ. ಉಕ್ಕಿನ ವ್ಯಾಪಾರಿಯೊಬ್ಬನ ಆಫೀಸಿನಲ್ಲಿ ಅವನು ಹಿರಿಯ ಗುಮಾಸ್ತ. ಬೇಕು ಎಂಬ ಮಾತು ದಿನವಿಡೀ ಕೇಳಿ ಕೇಳಿ ಅವನ ಕಿವಿ ದಪ್ಪವಾಗಿತ್ತು. "ರೊಟ್ಟಿ ಹಿಸಾಬಕ್ಕೇನು? ಮೊಬೈಲ್ ಸಾಕಲ್ಲ."

"ಹಿಸಾಬಕ್ಕಲ್ರಿ. ಆಡಾಕ."

"ಯಾರು ಆಡಾಕ?"

"ನಾ."

ಸ್ವಪ್ನಿಲ್ ಫಕ್ಕನೆ ನಕ್ಕ. ಅವಳ ಅತ್ತೆ ಬಸವಣ್ಣೆವ್ವ ಕಿವಿಯ ಹತ್ತಿರ ಕೈ ಹಿಡಿದಳು. "ಏನಂತಾಳೋ ಅಕಿ?"

"ಮಮ್ಮಿಗೆ ಗೇಮಿಂಗ್ ಪಿಸಿ ಬೇಕಂತ, ಅಜ್ಜಿ! ಏಕ್ ನಂಬರ್!"

"ಆಡೂ ವಯಸ್ಸೇನ ಇಕಿದು?" ಎಂದಳು ಬಸವಣ್ಣೆವ್ವ. "ನಾಳೆ ಸೊಸಿ ಬರೂ ಹೊತ್ತಿನ್ಯಾಗ ಅತ್ತಿ ಆಡಕೋತ ಕುಂತಿರತಾಳೇನು? ಓಣ್ಯಾಗ ಗೊತ್ತಾದ್ರ ನಗತಾರ."

ವೈಶಾಲಿ ಸುಮ್ಮನಾದಳು. ಅತ್ತೆಯ ಎದುರು ಸುಮ್ಮನಾಗುವುದು ಅವಳಿಗೆ ಅಭ್ಯಾಸವಾಗಿ ಹೋಗಿತ್ತು. ಬಸ್ಸಿನಲ್ಲಿ ಕಿಟಕಿಯ ಸೀಟು ಅತ್ತೆಗೆ, ಟಿವಿಯ ರಿಮೋಟು ಅತ್ತೆಗೆ, ಹಂಚಿನಿಂದ ಇಳಿದ ಮೊದಲ ಬಿಸಿ ರೊಟ್ಟಿ ಅತ್ತೆಗೆ. ಕೇಳುವ ಮೊದಲೇ ಕೊಟ್ಟುಬಿಡುತ್ತಿದ್ದಳು. ಕೊಡುವಾಗ ಮುಖ ಗಂಟಿಕ್ಕಿದವಳಲ್ಲ; ಹಾಗೆ ಗಂಟಿಕ್ಕಬಹುದು ಎಂಬುದೇ ಅವಳಿಗೆ ಹೊಳೆದಿರಲಿಲ್ಲ.

ದುಡ್ಡು ಅವಳದೇ. ಅತ್ತೆ ಸೊಸೆ ಸೇರಿ ಜೋಳದ ರೊಟ್ಟಿ ಮಾಡಿ ಕಳಂಬೋಲಿ, ಖಾರಘರ್, ಪನವೇಲಿನ ಮನೆಗಳಿಗೆ ಕೊಡುತ್ತಿದ್ದರು. ಜತ್ತ, ಇಂಡಿ, ಮುದ್ದೇಬಿಹಾಳ ಕಡೆಯಿಂದ ಬಂದು ನೆಲೆಸಿದ ಮಂದಿ ಅವರ ಕಡಕ್ ರೊಟ್ಟಿ, ಶೇಂಗಾ ಚಟ್ನಿಗೆ ಕಾದಿರುತ್ತಿದ್ದರು. ವೈಶಾಲಿ ಬಡಿಯುವವಳು, ಬಸವಣ್ಣೆವ್ವ ಹಂಚಿನ ಮುಂದೆ ಕೂತು ಬೇಯಿಸುವವಳು. ಹಾಗೆ ಸೇರಿದ ದುಡ್ಡಿಗೆ ಕೈಲಾಸ ಬೇರೆ ಯೋಚನೆ ಹಾಕಿದ್ದ.

"ಆ ರೊಕ್ಕದಾಗ ರೊಟ್ಟಿ ಮಷೀನ್ ತರೂಣು," ಎಂದ ಅವನು. "ಹುಬ್ಬಳ್ಳ್ಯಾಗ ಮಾಡತಾರ, ವಿಡಿಯೋ ನೋಡೀನಿ. ಈ ಕಡೆ ಹಿಟ್ಟ ಹಾಕಿದ್ರ ಆ ಕಡೆ ಬೆಂದ ರೊಟ್ಟಿನ ಬೀಳತಾವ. ಅವ್ವಾ, ನೀ ಹಂಚಿನ ಮುಂದ ಕೂಡೂದ ತಪ್ಪತೈತಿ ನೋಡು. ಆರಾಮ ಇರಬಹುದು."

ಬಸವಣ್ಣೆವ್ವ ತುತ್ತು ಹಿಡಿದ ಕೈಯನ್ನು ತಟ್ಟೆಯಲ್ಲೇ ಇಟ್ಟಳು. ಆಮೇಲೆ ಅವಳು ಕಂಪ್ಯೂಟರಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಮರುದಿನ ಬೆಳಿಗ್ಗೆ, ಹಂಚು ಕಾಯುವುದನ್ನು ಕಾಯುತ್ತ ಕೂತಾಗ, ಮಗನಿಗೆ ಕೇಳುವ ಹಾಗೆ ದನಿಯೆತ್ತಿ ಹೇಳಿದಳು:

"ಅಕಿ ಆಡೂ ಮಷೀನ ತರ್ಲಿ ಬಿಡು. ದುಡದಾಕಿ ಅಕಿ. ರೊಟ್ಟಿ ಮಷೀನ ನಾ ಹ್ವಾದ ಮ್ಯಾಲ ತರ್ರಿ."

"ಅವ್ವಾ, ನಿನ್ನ ಸಲುವಾಗೇ ಅಂದೆ ನಾ..."

"ನನ್ನ ಸಲುವಾಗಿ ಯಾರೂ ಏನೂ ಅನಬ್ಯಾಡ್ರಿ."

ಕೈಲಾಸ ಡಬ್ಬಿ ಎತ್ತಿಕೊಂಡು ಚಪ್ಪಲಿ ಮೆಟ್ಟಿದ. ಅತ್ತೆಯ ಬಲಗೈ ಇತ್ತೀಚೆಗೆ ನಡುಗುತ್ತಿದ್ದುದು ವೈಶಾಲಿಗೆ ಗೊತ್ತಿತ್ತು. ರೊಟ್ಟಿಯ ಮೇಲೆ ನೀರು ಸವರುವ ಬಟ್ಟೆ ಒಮ್ಮೊಮ್ಮೆ ಹಂಚಿನ ಅಂಚಿಗೆ ತಾಗಿ ಚುಂಯ್ ಅನ್ನುತ್ತಿತ್ತು. ತಿರುವಿ ಹಾಕುವುದು ತಡವಾಗುತ್ತಿತ್ತು. ಬಡಿದ ರೊಟ್ಟಿಗಳು ಸಾಲಾಗಬಾರದೆಂದು ವೈಶಾಲಿ ತಾನೇ ಕೈ ಸಾವಕಾಶ ಮಾಡುತ್ತಿದ್ದಳು. ಇಬ್ಬರೂ ಅದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ.

ಆಮೇಲಿನ ವಾರಗಳು ವೈಶಾಲಿಯ ಪಾಲಿಗೆ ಮಂಪರಿನಲ್ಲಿ ಕಳೆದವು. ಕಂಪ್ಯೂಟರನ್ನು ತಯಾರಾದದ್ದು ಕೊಳ್ಳುವುದಲ್ಲ, ಒಂದೊಂದೇ ಭಾಗ ಆರಿಸಿ ಮನೆಯಲ್ಲೇ ಜೋಡಿಸುವುದು ಎಂದು ಸ್ವಪ್ನಿಲ್ ತೀರ್ಮಾನಿಸಿದ. ಮಧ್ಯಾಹ್ನ ಅತ್ತೆ ಅಡ್ಡಾದ ಮೇಲೆ ಅವಳು ಕಿವಿಗೆ ವೈರು ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಕಂಪ್ಯೂಟರ್ ಜೋಡಿಸುವ ವಿಡಿಯೋ ನೋಡುತ್ತಿದ್ದಳು. ದೆಹಲಿಯ ಹುಡುಗನೊಬ್ಬ ಹಿಂದಿಯಲ್ಲಿ ಪ್ರೊಸೆಸರಿನ ಬಗ್ಗೆ ಹೇಳುತ್ತಿದ್ದ. ಅರ್ಧ ತಿಳಿಯುತ್ತಿತ್ತು, ಅರ್ಧ ಜೋಗುಳದ ಹಾಗೆ ಹರಿದು ಹೋಗುತ್ತಿತ್ತು. ಕೆಳಗೆ ಟ್ರೇಲರುಗಳಿಂದ ಉಕ್ಕಿನ ತಗಡು ಇಳಿಸುವ ಸದ್ದು. ಕಣ್ಣು ಮುಚ್ಚಿದರೆ ಹುಲ್ಲು, ಮೋಡದ ನೆರಳು, ಕೆರೆಯ ಮೇಲಿನ ಬಿಸಿಲು. ಹಿಟ್ಟು ಹರಡಿದ ಕಲ್ಲಿನ ಮೇಲೆ ಬೆರಳಲ್ಲಿ ಗುಡ್ಡ ಬರೆದು, ಯಾರಾದರೂ ಬಂದರೆ ಅಳಿಸಿಬಿಡುತ್ತಿದ್ದಳು. ಇಷ್ಟು ಸಣ್ಣದೊಂದು ಸುಖವನ್ನು ಇಷ್ಟು ಕಳ್ಳತನದಿಂದ ಅನುಭವಿಸುವವಳನ್ನು ಕಂಡರೆ ನನಗೆ ನಗುವೂ ಬರುತ್ತದೆ, ಮರುಕವೂ ಆಗುತ್ತದೆ.

ಒಂದು ಶನಿವಾರ ಸ್ವಪ್ನಿಲ್ ಬ್ಯಾಗಿನಲ್ಲಿ ಟವೆಲ್ಲು ಸುತ್ತಿದ ಇಟ್ಟಿಗೆಯಂಥದೊಂದನ್ನು ತಂದು ಊಟದ ಚಾಪೆಯ ಮೇಲೆ ಇಟ್ಟ. ಮೂರು ಫ್ಯಾನುಗಳ ಗ್ರಾಫಿಕ್ಸ್ ಕಾರ್ಡು. ಮಾಜಿವಾಡಾದ ಗೆಳೆಯ ವಿಶಾಲ್ ಬಳಸಿ ಬಿಟ್ಟದ್ದು. ತಾಯಿಯ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಗಿತ್ತು.

"ನನ್ನ ಕೇಳದನ ತಂದಿ?" ಎಂದಳು ವೈಶಾಲಿ.

"ಮಮ್ಮಿ, ತಡ ಮಾಡಿದ್ರ ಹಾತ್ ಸೆ ನಿಕಲ್ ಜಾತಾ. ಗೇಮ್‌ನ್ಯಾಗ ಕಾರ್ಡೇ ಮೇನ್ ಇರ್ತದ. ಚಿತ್ರ ಬಿಡಿಸೋದು ಅದೇ. ಪ್ರೊಸೆಸರ್ ಯಾವುದೋ ಒಂದು ಹಳೇದು ಹಾಕೂಣ, ಚಲ್ತಾ ಹೈ."

"ನನ್ನ ಗುಡ್ಡಕ್ಕ ಇದು ಬೇಕೇನು?"

ಸ್ವಪ್ನಿಲ್ ಕಿವಿ ತುರಿಸಿಕೊಂಡ. "ಗುಡ್ಡಕ್ಕ ಇಷ್ಟ್ ಬೇಕಾಗಂಗಿಲ್ಲ. ಲೇಕಿನ್ ಸಂಡೇ ನಾನೂ ಆಡ್ತೀನಲ್ಲ, ಶೂಟಿಂಗ್ ಗೇಮು..."

"ಹಂಗಾರ ಇದು ನಿನ್ನ ಕಾರ್ಡು. ನನ್ನ ರೊಕ್ಕ."

"ಘರ್ ಕಾ ಹೀ ತೊ ಹೈ, ಮಮ್ಮಿ!"

"ಮನೀದೂ ಅಂದ್ರ ಎಲ್ಲಾರದೂ ಆಗತೈತಿ, ನಂದೊಂದ ಬಿಟ್ಟು," ಎಂದಳು ಅವಳು, ಮತ್ತು ತಾನು ಹಾಗೆ ಅಂದೆನೇ ಎಂದು ತಾನೇ ಬೆರಗಾಗಿ ಎದ್ದು ಹೋಗಿ ಹಾಲು ಕಾಯಿಸಲು ಇಟ್ಟಳು. ಕೈಲಾಸ ಮಗನ ಕಡೆ ನೋಡಿದ. "ಮಾಲ ನೋಡದ ಗಾಡಿ ಇಳಿಸಿಕೊಂಡಿ. ನಮ್ಮ ಶೇಠ ಆಗಿದ್ರ ನಿನ್ನ ಮನೀಗಿ ಕಳಸತಿದ್ದ." ಅಷ್ಟರಿಂದ ಅವನೂ ಹೆಂಡತಿಯ ಪಕ್ಷ ಸೇರಿದಂತಾಯಿತು, ಬಾಯಲ್ಲಿ ಒಪ್ಪದಿದ್ದರೂ.

ಮರುದಿನ ತಾಯಿ ಮಗ ಆ ಕಾರ್ಡನ್ನು ಹಿಡಿದುಕೊಂಡು ಮಾನಸರೋವರ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಹತ್ತಿ ಸೀವುಡ್ಸಿನ ಕಂಪ್ಯೂಟರ್ ಅಂಗಡಿಗೆ ಹೋದರು. ಸ್ವಪ್ನಿಲ್ ಮುಖ ಊದಿಸಿಕೊಂಡು ಬಾಗಿಲ ಬಳಿ ನಿಂತ. ವೈಶಾಲಿಗೆ ಕಿಟಕಿಯ ಸೀಟು ಸಿಕ್ಕಿತು. ಕೂರಲು ಒಂದು ಕ್ಷಣ ಹಿಂದೆಮುಂದೆ ನೋಡಿದಳು, ಆಮೇಲೆ ಕೂತಳು.

ಅಂಗಡಿಯವನು ಸರ್ವೋತ್ತಮ, ಕುಂದಾಪುರದ ಕಡೆಯವನು. ಅವನ ಅಪ್ಪ ದೊಡ್ಡಪ್ಪಂದಿರೆಲ್ಲ ಹೋಟೆಲಿನವರು. ಇವನೊಬ್ಬ ದೋಸೆಯ ಕಾವಲಿ ಬಿಟ್ಟು ಕಂಪ್ಯೂಟರಿನ ಭಾಗ ಮಾರಲು ಕೂತಿದ್ದ. ವೈಶಾಲಿಯ ಹಿಂದಿ ಕೇಳಿ ಅವನು ಕನ್ನಡಕ ಏರಿಸಿದ.

"ನೀವು ಕನ್ನಡದವರಾ? ಹಾಗಾದ್ರೆ ಕೂತ್ಕೊಳ್ಳಿ ಮಾರಾಯ್ರೆ, ಹಿಂದಿಯಲ್ಲಿ ಎಂತಕೆ ಒದ್ದಾಡುದು? ಯಾರಿಗೆ ಕಂಪ್ಯೂಟರು, ಮಗನಿಗಾ?"

"ನನಗ್ರಿ."

"ಎಂತ ಆಟ ಆಡುದು?"

"ಗುಡ್ಡ ಹತ್ತೂ ಆಟ. ಕೆರಿ ತನಕ ಹೋಗತೈತಿ, ಆಮ್ಯಾಲ ನಿಂದರತೈತಿ."

ಸರ್ವೋತ್ತಮ ನಗಲಿಲ್ಲ. ಕೆರೆಯ ಹತ್ತಿರ ಏನೇನಾಗುತ್ತದೆ, ಮೇಕೆ ಹೇಗೆ ನೇತಾಡುತ್ತದೆ ಎಲ್ಲ ಕೇಳಿಕೊಂಡ. ಟವೆಲ್ಲಿನೊಳಗಿನ ಕಾರ್ಡನ್ನು ತಿರುಗಿಸಿ ನೋಡಿ ಮೆಲ್ಲಗೆ ಇಟ್ಟ.

"ಕಾರ್ಡು ಒಳ್ಳೇದೇ. ಆದ್ರೆ ಇದರ ಜೊತೆ ಹಳೇ ಪ್ರೊಸೆಸರ್ ಹಾಕಿದ್ರೆ ಎಂತ ಆಗ್ತದೆ ಗೊತ್ತುಂಟಾ? ಹಿಟ್ಟು ರುಬ್ಬುವವ ಒಬ್ಬ ಮುದುಕ, ಕಾವಲಿ ಮಾತ್ರ ಮದುವೆ ಮನೆದು. ಹಿಟ್ಟೇ ಬರುದಿಲ್ಲ, ಕಾವಲಿ ಸುಮ್ಮನೆ ಕಾಯ್ತಾ ಕೂರ್ತದೆ. ಪ್ರೊಸೆಸರ್ ಲೆಕ್ಕ ಮಾಡಿ ಕೊಟ್ರೆ ಅಲ್ವಾ ಕಾರ್ಡು ಚಿತ್ರ ಬಿಡಿಸುದು?"

ವೈಶಾಲಿಯ ಕಣ್ಣು ಅರಳಿದವು. ಎಷ್ಟು ವಿಡಿಯೋ ನೋಡಿದರೂ ತಿಳಿಯದ್ದು ಈಗ ತಿಳಿಯಿತು. "ನಮ್ಮ ರೊಟ್ಟಿನೂ ಹಂಗ್ರಿ. ಬಡಿಯೋಕಿ ಕೈ ಸಾವಕಾಶ ಆದ್ರ ಹಂಚು ಬರೇ ಸುಡತೈತಿ. ಬೇಯಿಸೋಕಿ ಕೈ ಸಾವಕಾಶ ಆದ್ರ ಬಡದ ರೊಟ್ಟಿ ಕುಂತು ಒಣಗತಾವ."

"ಆವಾಗ ಎಂತ ಮಾಡ್ತೀರಿ?"

"ಬಡಿಯೋಕಿನೂ ಸಾವಕಾಶ ಆಗಬೇಕಾಗತೈತ್ರಿ," ಎಂದಳು ಅವಳು. ದನಿ ಸ್ವಲ್ಪ ಇಳಿದಿತ್ತು. "ಅತ್ತಿ ಕೈ ನಡಗತೈತಿ. ನಾ ಎರಡ ಪಟ್ಟ ಜಲ್ದಿ ಬಡಿಯಬಲ್ಲೆ. ಬಡಿಯೂದಿಲ್ಲ."

ಸ್ವಪ್ನಿಲ್ ಮೊಬೈಲಿನಿಂದ ತಲೆಯೆತ್ತಿ ತಾಯಿಯನ್ನು ನೋಡಿದ.

ಆ ದೊಡ್ಡ ಕಾರ್ಡನ್ನು ಸರ್ವೋತ್ತಮ ತಾನೇ ಇಟ್ಟುಕೊಂಡು, ಬದಲಿಗೆ ಸಣ್ಣದೊಂದು ಹೊಸ ಕಾರ್ಡು ಕೊಟ್ಟ. ಉಳಿದ ದುಡ್ಡಿಗೆ ನಡುವಯಸ್ಸಿನ ಸಂಸಾರಕ್ಕೆ ಒಪ್ಪುವಂಥ ಪ್ರೊಸೆಸರು, ಅದಕ್ಕೆ ಹೊಂದುವ ಮದರ್‌ಬೋರ್ಡು, ರ್‍ಯಾಮಿನ ಎರಡು ಪಟ್ಟಿ, ಎಲ್ಲಕ್ಕೂ ಸಾಕಾಗುವ ಪವರ್ ಸಪ್ಲೈ. ಎರಡು ಪ್ರೊಸೆಸರಿನ ಡಬ್ಬಿಗಳನ್ನು ಎದುರಿಗಿಟ್ಟು ಯಾವುದು ಎಂದು ಕೇಳಿದಾಗ ಸ್ವಪ್ನಿಲ್ ಬಾಯಿ ತೆರೆದ. ವೈಶಾಲಿ ಕೈ ಅಡ್ಡ ಹಿಡಿದು ತಾನೇ ಒಂದನ್ನು ಮುಟ್ಟಿದಳು. ಹೆಚ್ಚು ವೇಗದ್ದಲ್ಲ, ಕಡಿಮೆ ಬಿಸಿಯಾಗುವಂಥದ್ದು. ಅತ್ತೆಯ ಕೋಣೆಯಲ್ಲೇ ಇಡಬೇಕಾದ್ದರಿಂದ ಫ್ಯಾನಿನ ಸದ್ದು ಕಡಿಮೆ ಇರಬೇಕು ಎಂಬುದು ಅವಳ ಲೆಕ್ಕ.

ವಾಪಸು ಬರುವಾಗ ಸ್ವಪ್ನಿಲ್ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲೇ ಕೂತ. "ಅಜ್ಜಿ ಕೈ ನಡಗೂದು ಮುಝೆ ಪತಾ ನಹೀ ಥಾ," ಎಂದ.

"ಮನ್ಯಾಗ ಅನಬ್ಯಾಡ."

"ನಹೀ ಬೋಲೂಂಗಾ." ಸ್ವಲ್ಪ ಹೊತ್ತಿನ ಮೇಲೆ, "ಸಾರಿ ಮಮ್ಮಿ, ಕಾರ್ಡ್ ಕಾ."

ದಸರೆ ಹತ್ತಿರ ಬಂದಿತ್ತು. ಖಂಡೇನವಮಿಯ ಆಯುಧಪೂಜೆ ಆಗದೆ ಹೊಸ ಯಂತ್ರ ಚಾಲೂ ಮಾಡಕೂಡದು ಎಂದು ಬಸವಣ್ಣೆವ್ವ ಅಪ್ಪಣೆ ಕೊಡಿಸಿದಳು. ಡಬ್ಬಿಗಳು ಕಪಾಟಿನ ಮೇಲೆ ಕೂತವು. ವೈಶಾಲಿಗೆ ಕಾಯುವುದು ಕಷ್ಟವಾಗಲಿಲ್ಲ. ದಿನಾ ಮಧ್ಯಾಹ್ನ ಒಂದು ಡಬ್ಬಿ ಇಳಿಸಿ, ಹೊಸ ರಟ್ಟಿನ ವಾಸನೆ ನೋಡಿ, ಒರೆಸಿ, ಮತ್ತೆ ಇಡುತ್ತಿದ್ದಳು. ಮಳೆ ಹಿಂದೆ ಸರಿದು ಆಕಾಶ ತೊಳೆದಂತಿತ್ತು. ಕನಸಿನಲ್ಲೂ ಅವಳು ನಡೆಯುತ್ತಿದ್ದಳು. ಒಂದು ದಿನ ಕೆರೆಯ ನೀರಿಗೆ ಕಾಲಿಟ್ಟು ತಣ್ಣಗಾಗಿ ಎಚ್ಚರಗೊಂಡಳು.

ಖಂಡೇನವಮಿಯ ದಿನ ಕೈಲಾಸ ಮಾರ್ಕೆಟ್ಟಿನ ತೂಕದ ಕಾಟಾಕ್ಕೂ ಕ್ರೇನಿಗೂ ಪೂಜೆ ಮಾಡಿಸಲು ಬೆಳಿಗ್ಗೆಯೇ ಹೋದ. ಮನೆಯಲ್ಲಿ ಸ್ವಪ್ನಿಲ್ ಹಾಳೆ ಹಾಸಿ ಮದರ್‌ಬೋರ್ಡನ್ನು ಇಟ್ಟ. ಪ್ರೊಸೆಸರು ಕೂರುವ ಜಾಗದ ಮುಚ್ಚಳ ತೆಗೆದರೆ ಒಳಗೆ ಚಿನ್ನದ ಬಣ್ಣದ ಕೂದಲಿನಂಥ ಮುಳ್ಳುಗಳು, ಸಾವಿರಕ್ಕೂ ಮಿಕ್ಕಿ.

"ಮಮ್ಮಿ, ಇದಕ್ಕ ಬೆರಳ ತಾಗಿಸಬ್ಯಾಡ. ಒಂದ ಬಾಗಿದ್ರೂ ಖತಮ್. ಪ್ರೊಸೆಸರ್ ನೀನೇ ಕೂಡಿಸು. ತೇರಾ ಹೈ."

ವೈಶಾಲಿ ಪ್ರೊಸೆಸರನ್ನು ಎರಡು ಬೆರಳಲ್ಲಿ ಎತ್ತಿದಳು. ಅಷ್ಟರಲ್ಲಿ ಬಸವಣ್ಣೆವ್ವ ಒಳಗಿನಿಂದ ಕೂಗಿದಳು:

"ನಿಂದರ್ರಿ! ಪೂಜಿ ಇಲ್ಲದ ಹೆಂಗ ಕೂಡಸತೀರಿ? ಇಲ್ಲೆ ತರ್ರಿ."

ದೇವರ ಮುಂದೆ ರೊಟ್ಟಿಯ ಹಂಚು, ಈಳಿಗೆ, ಮಿಕ್ಸರು, ಸ್ವಪ್ನಿಲ್‌ನ ಬೈಕಿನ ಕೀಲಿ ಸಾಲಾಗಿ ಕುಂಕುಮ ಹಚ್ಚಿಸಿಕೊಂಡು ಕೂತಿದ್ದವು. ಪಕ್ಕದಲ್ಲಿ ಒಂದು ಮಣೆ ಹಾಕಿ ಅವಳೇ ಜಾಗ ಮಾಡಿದ್ದಳು. ಓಣಿಯವರು ನಗುತ್ತಾರೆ ಅಂದಿದ್ದ ಮುದುಕಿ ಈಗ ಹೊಸ ಸೀರೆಯುಟ್ಟು, ಚೆಂಡುಹೂವು ಹಿಡಿದು ನಿಂತಿದ್ದಳು. ವೈಶಾಲಿ ಕೈಯಲ್ಲಿದ್ದ ಪ್ರೊಸೆಸರನ್ನು ಡಬ್ಬಿಯಲ್ಲಿಟ್ಟಳು. ಬೋರ್ಡನ್ನು ಹಾಳೆಸಮೇತ ಎತ್ತಿ ಮಣೆಯ ಮೇಲಿಟ್ಟಳು. ಮುಚ್ಚಳ ಹಾಕುವ ಯೋಚನೆ ತಾಯಿ ಮಗ ಇಬ್ಬರಿಗೂ ಬರಲಿಲ್ಲ.

ಬಸವಣ್ಣೆವ್ವ ಊದುಬತ್ತಿ ಬೆಳಗಿದಳು. "ನನ್ನ ಸೊಸಿ ಆಡೂ ಯಂತ್ರ, ಛಲೋ ನಡೀಲೆಪಾ," ಎಂದು ಕಣ್ಣು ಮುಚ್ಚಿ ಅರಿಶಿನದ ಅಕ್ಷತೆ ಎರಚಿದಳು. ನಡುಗುವ ಕೈ, ಹಂಚಿನ ಮೇಲೆ ಎರಡು ಕಾಳು ಬಿದ್ದರೆ ಬೋರ್ಡಿನ ಮೇಲೆ ಹಿಡಿಯಷ್ಟು ಬಿತ್ತು.

ಸ್ವಪ್ನಿಲ್ ಬೋರ್ಡನ್ನು ಅಲುಗಿಸಿದ, ವೈಶಾಲಿ ಊದಿದಳು. ಕಾಳುಗಳೆಲ್ಲ ಉದುರಿದವು ಅಂದುಕೊಂಡರು. ಅವಳು ಪ್ರೊಸೆಸರನ್ನು ಇಟ್ಟು, ಕಬ್ಬಿಣದ ಸಣ್ಣ ಹಿಡಿಯನ್ನು ಒತ್ತಿದಳು. ಕರಕರ ಸದ್ದಾಯಿತು.

"ಡರೋ ಮತ್," ಎಂದ ಸ್ವಪ್ನಿಲ್. "ಆ ಸಪ್ಪಳ ಬರೂದ ಇರ್ತದ. ಎಲ್ಲಾ ವಿಡಿಯೋದಾಗ ಹೇಳ್ತಾರ."

ಆಮೇಲೆ ಅವನು ಪ್ರೊಸೆಸರಿನ ನೆತ್ತಿಗೆ, ಬಿಸಿ ಇಳಿಯಲೆಂದು ಹಚ್ಚುವ ಬೂದು ಬಿಳುಪಿನ ಅಂಟನ್ನು ಸವರಿದ. ಬಸವಣ್ಣೆವ್ವ ಕೈ ಮುಗಿದಳು. "ನೋಡು, ಅದಕ್ಕೂ ವಿಭೂತಿ ಹಚ್ಚತಾರ. ನಾವ ಇವಕ್ಕೇನೂ ತಿಳಿಯಾಂಗಿಲ್ಲ ಅಂದಕೊಂಡಿದ್ವಿ." ಮೂವರೂ ನಕ್ಕರು. ಆ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕು ಬಹಳ ದಿನವಾಗಿತ್ತು.

ಸಂಜೆಯ ಹೊತ್ತಿಗೆ ಎಲ್ಲ ಜೋಡಿಸಿ ಗುಂಡಿ ಒತ್ತಿದರು. ಫ್ಯಾನು ತಿರುಗಿತು, ದೀಪ ಹತ್ತಿತು. ಪರದೆ ಕಪ್ಪಾಗಿಯೇ ಇತ್ತು. ಮತ್ತೆ ಒತ್ತಿದರು. ವೈರು ಬಿಚ್ಚಿ ಮತ್ತೆ ಸಿಕ್ಕಿಸಿದರು. ಕೊನೆಗೆ ಸ್ವಪ್ನಿಲ್ ಅಂಟು ಒರೆಸಿ ಪ್ರೊಸೆಸರನ್ನು ಎತ್ತಿ ನೋಡಿದ. ಚಿನ್ನದ ಮುಳ್ಳುಗಳ ನಡುವೆ, ಅದೇ ಬಣ್ಣದಲ್ಲಿ ಸೇರಿಹೋಗಿ, ನುಚ್ಚಾದ ಒಂದು ಅರಿಶಿನದ ಅಕ್ಕಿಕಾಳು. ಸುತ್ತ ಮುಳ್ಳುಗಳು ತುಳಿದ ಹುಲ್ಲಿನಂತೆ ಮಲಗಿದ್ದವು.

"ಯೇ ತೊ ಅಜ್ಜಿ ಕಾ..."

"ಸುಮ್ಮನಿರು," ಎಂದಳು ವೈಶಾಲಿ. ಕಾಳನ್ನು ಹಾಳೆಯ ಮೇಲೆ ಉದುರಿಸಿ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ಅತ್ತಳು. ಅತ್ತೆಯ ಮೇಲೆ ಅವಳಿಗೆ ಸಿಟ್ಟು ಬಂದಿತ್ತು. ಹರಸಿದವರ ಮೇಲೆ ಸಿಟ್ಟು ಮಾಡುವುದು ಹೇಗೆ ಎಂದು ಗೊತ್ತಾಗದೆ ಇನ್ನಷ್ಟು ಅತ್ತಳು.

ಊಟಕ್ಕೆ ಕೂತಾಗ ಕೈಲಾಸ ಕೇಳಿದ, "ಏನಾತು ನಿಮ್ಮ ಯಂತ್ರ?"

"ನಾ ಕೂಡಸೂವಾಗ ತಪ್ಪಾತ್ರಿ. ಒಳಗಿನ ಮುಳ್ಳ ಬಾಗ್ಯಾವ."

"ಅಂಗಡಿಯಾವ ಬದಲಿ ಕೊಡತಾನೇನು?"

"ಬಾಗಿದ್ದಕ್ಕ ಕೊಡಾಂಗಿಲ್ಲ."

ಕೈಲಾಸ ಕರಿಗಡಬನ್ನು ಕೆಳಗಿಟ್ಟ. "ಹಬ್ಬದ ದಿನ ಅನಬಾರದು. ಆದ್ರ ಅಂತೀನಿ. ನಿನ್ನ ಕೈ ರೊಟ್ಟಿ ಬಡಿಯೂ ಕೈ. ಅಂಥಾ ನಾಜೂಕ ಸಾಮಾನ ಹಿಡಿಯೂದಲ್ಲ. ಮಷೀನ ತಂದಿದ್ರ ಇಷ್ಟೊತ್ತಿಗೆ..."

"ಅಕಿ ಅಲ್ಲ," ಎಂದಳು ಬಸವಣ್ಣೆವ್ವ. ಅವಳು ಇನ್ನೂ ತಟ್ಟೆ ಮುಟ್ಟಿರಲಿಲ್ಲ. "ಹಾಳ್ಯಾಗ ನುಚ್ಚಾದ ಅಕ್ಕಿಕಾಳ ಕಂಡೀನಿ ನಾ. ಅರಿಶಿಣ ಹಚ್ಚಿದ್ದು. ಹಾಕಿದಾಕಿ ನಾನು. ಕೆಟ್ಟಿದ್ದ ನನ್ನ ಕೈಲೆ."

"ಅತ್ತಿ, ಹಂಗಲ್ಲ..."

"ನೀ ಸುಮ್ಮನಿರ. ನನ್ನ ತಪ್ಪ ನೀ ಯಾಕ ಹೊರತಿ? ಕೈ ನಡಗತೈತಿ ನಂದು. ಹಂಚಿನ ಮುಂದನೂ ನಡಗತೈತಿ. ನೀ ನನ್ನ ಸಲುವಾಗಿ ಸಾವಕಾಶ ಬಡೀತಿ ಅನ್ನೂದು ನನಗ ಗೊತ್ತಿಲ್ಲಂತ ತಿಳದೀ ಏನು?" ಅವಳ ಕಣ್ಣು ತುಂಬಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು. "ಎಲ್ಲಾ ಗೊತ್ತೈತಿ. ಹೇಳಿದ್ರ ಇಂವ ಆ ಮಷೀನ ತರತಾನ. ಹಂಚು ಬಿಟ್ಟು ನಾ ಎಲ್ಲಿ ಕೂಡ್ಲಿ?"

ಸ್ವಪ್ನಿಲ್ ಅಜ್ಜಿಯ ತಟ್ಟೆಯಲ್ಲಿದ್ದ ಕರಿಗಡಬು ಮುರಿದು, ತುಪ್ಪ ಹಾಕಿ, ಅವಳ ಕೈಗಿಟ್ಟ. ಕೈಲಾಸ ತಾಯಿಯ ಕಡೆ ನೀರಿನ ಲೋಟ ಸರಿಸಿ, "ಮಷೀನ ಯಾರೂ ತರಾಂಗಿಲ್ಲ, ಉಣ್ಣವ್ವಾ," ಎಂದ.

ಬೋರ್ಡು ತೆಗೆದುಕೊಂಡು ಸೀವುಡ್ಸಿಗೆ ಹೊರಟಾಗ ಬಸವಣ್ಣೆವ್ವ ತಾನೂ ಬರುತ್ತೇನೆಂದು ಹಟ ಹಿಡಿದಳು. ಮೊಣಕಾಲು ನೋವಿನಿಂದ ಮೆಟ್ಟಿಲಿಳಿದು ತಿಂಗಳುಗಳಾಗಿದ್ದವು. ಮೊಮ್ಮಗನ ಹೆಗಲು ಹಿಡಿದು ಇಳಿದಳು, ರಿಕ್ಷಾ ಹತ್ತಿದಳು, ಅಂಗಡಿಯ ಸ್ಟೂಲಿನ ಮೇಲೆ ಕೂತಳು. "ಅಕ್ಕಿ ಹಾಕಿದಾಕಿ ನಾನು. ಬೈಯೂದಿದ್ರ ನನಗ ಬೈರಿ," ಎಂದಳು.

"ಬೈದ್ರೆ ಮುಳ್ಳು ನಿಲ್ತದಾ ಅಜ್ಜಿ?" ಎಂದು ಸರ್ವೋತ್ತಮ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿದ. "ಸೂಜಿಯಲ್ಲಿ ಎತ್ತಿ ನೋಡುವಾ. ಆದ್ರೆ ಆಯ್ತು. ಮುರಿದ್ರೆ ಮತ್ತೆ ನನ್ನ ಕೈಲಿಲ್ಲ."

ಅವನು ಒಂದೊಂದೇ ಮುಳ್ಳು ಎತ್ತುವಾಗ ಅತ್ತೆ ಸೊಸೆ ಇಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದರು. ಹೊರಗೆ ಗಾಡಿಗಳು ಬಂದು ಹೋಗುವ ಸದ್ದು ಬಹು ದೂರದಿಂದೆಂಬಂತೆ ಕೇಳುತ್ತಿತ್ತು. ಎರಡು ಮುಳ್ಳು ಮುರಿದವು. ಉಳಿದವು ನಿಂತವು. ಪರದೆ ಬೆಳಗಿತು. ರ್‍ಯಾಮಿನ ಪಟ್ಟಿ ಕೂರುವ ಒಂದು ಮನೆ ಮಾತ್ರ ಕೆಲಸ ಮಾಡಲಿಲ್ಲ. ಎರಡು ಪಟ್ಟಿಯಲ್ಲಿ ಒಂದನ್ನು ತೆಗೆದಿಡಬೇಕಾಯಿತು.

"ಸ್ವಲ್ಪ ಸಾವಕಾಶ ಆಗ್ತದೆ," ಎಂದ ಸರ್ವೋತ್ತಮ. "ನಡೀತದೆ. ಹೊಸ ಬೋರ್ಡು ಬೇಕಂದ್ರೆ..."

"ಇರಲಿ ಬಿಡ್ರಿ," ಎಂದಳು ವೈಶಾಲಿ.

ಮರುದಿನ ಮಧ್ಯಾಹ್ನ ರೊಟ್ಟಿಯ ಕೆಲಸ ಮುಗಿಯಿತು. ಗಂಡಸರಿಬ್ಬರೂ ಕೆಲಸಕ್ಕೆ ಹೋಗಿದ್ದರು. ಅತ್ತೆಯ ಕೋಣೆಯ ಮೂಲೆಯಲ್ಲಿ, ಹೊಲಿಗೆ ಮಷೀನಿನ ಮೇಜಿನ ಮೇಲೆ ಕಂಪ್ಯೂಟರು ಕೂತಿತ್ತು. ವೈಶಾಲಿ ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಕುರ್ಚಿ ಎಳೆದಳು. ಅವತ್ತು ಬಸವಣ್ಣೆವ್ವ ಅಡ್ಡಾಗಲಿಲ್ಲ. ಕನ್ನಡಕ ಹಾಕಿಕೊಂಡು ಮಂಚದ ಅಂಚಿಗೆ ಸರಿದು ಕೂತಳು.

ಬಯಲು ತೆರೆಯಿತು. ಹಳೆಯ ಲ್ಯಾಪ್‌ಟಾಪಿನಲ್ಲಿ ಹಸಿರು ಬಳಿದಂತೆ ಕಾಣುತ್ತಿದ್ದುದು ಇಲ್ಲಿ ಒಂದೊಂದೇ ಎಸಳಾಗಿ ಕಾಣುತ್ತಿತ್ತು. ಕಂಬಳಿ ಹೊದ್ದ ಹೆಂಗಸು ನಡೆದಳು. ಕೋಣೆಯಲ್ಲಿ ಫ್ಯಾನಿನ ಮೆಲುದನಿ ಬಿಟ್ಟರೆ ಸದ್ದಿರಲಿಲ್ಲ. ಕಿಟಕಿಯ ಬಿಸಿಲು ನೆಲದ ಮೇಲೆ ಹಾಸಿತ್ತು, ಪರದೆಯ ಬಿಸಿಲು ಇಬ್ಬರ ಮುಖದ ಮೇಲಿತ್ತು.

"ಗಾಳಿ ಬಿಟ್ಟೈತಿ ಅಲ್ಲಿ," ಎಂದಳು ಬಸವಣ್ಣೆವ್ವ.

"ಹೂಂ."

"ಆ ಮ್ಯಾಕಿ ಯಾರ್ವು?"

"ಯಾರ್ವೂ ಅಲ್ಲತ್ತಿ. ತಮ್ಮ ಪಾಡಿಗೆ ಅವ ಅದಾವ."

ಕೆರೆ ಬಂತು. ಚಿತ್ರ ಒಮ್ಮೆ ತಡವರಿಸಿತು. ಹೆಂಗಸು ದಂಡೆಯ ಮೇಲೆ ನಿಂತಳು, ಆಮೇಲೆ ಮತ್ತೆ ನಡೆದಳು. ನೀರು ನೀರಾಗಿಯೇ ಉಳಿಯಿತು, ಮೇಕೆಗಳು ನೆಲದ ಮೇಲೆಯೇ ಇದ್ದವು. ದಂಡೆಯಗುಂಟ ಸುತ್ತಿ ಹೋದರೆ ಎದುರಿಗೆ ಗುಡ್ಡ, ಬುಡದಿಂದ ನೆತ್ತಿಯವರೆಗೆ ಕಾಲುದಾರಿ. ಬಸವಣ್ಣೆವ್ವ ಮಂಚದಿಂದ ಇಳಿದು ಸ್ಟೂಲು ಎಳೆದುಕೊಂಡು ಸೊಸೆಯ ಪಕ್ಕಕ್ಕೇ ಬಂದಳು. ಅವಳ ಮುಖದಲ್ಲಿ ಎಂದೂ ಕಾಣದ ಒಂದು ಆಸೆ ಇತ್ತು.

"ತಾ ಇಲ್ಲೆ," ಎಂದಳು, ಕೈ ಚಾಚಿ. "ಇನ್ನ ನಾ ಹತ್ತತೀನಿ."

ವೈಶಾಲಿಯ ಕೈ ತಾನಾಗಿ ಮೌಸಿನಿಂದ ಮೇಲೆದ್ದಿತು. ಅತ್ತೆಯ ಮೊಣಕಾಲು, ನಡುಗುವ ಬೆರಳು, ಸ್ಟೂಲಿನ ಮೇಲೆ ಉಸಿರು ಹಿಡಿದು ಕೂತದ್ದು ಎಲ್ಲ ಅವಳಿಗೆ ನೆನಪಾಯಿತು. ಕೊಟ್ಟರೆ ಎಷ್ಟು ಸಂತೋಷಪಟ್ಟಾಳು ಎಂದೂ ಅನ್ನಿಸಿತು. ಅವಳು ಕೈಯನ್ನು ಮತ್ತೆ ಮೌಸಿನ ಮೇಲಿಟ್ಟಳು.

"ಇಲ್ಲ ಅತ್ತಿ," ಎಂದಳು. "ಇದನ್ನ ನಾ ಹತ್ತತೀನಿ. ನಿಮಗ ಆಮ್ಯಾಲ ಕೊಡತೀನಿ."

ಬಸವಣ್ಣೆವ್ವನ ಕೈ ಗಾಳಿಯಲ್ಲೇ ನಿಂತಿತು. ಮದುವೆಯಾಗಿ ಬಂದಾಗಿನಿಂದ ಈ ಸೊಸೆಯ ಬಾಯಲ್ಲಿ ಅವಳು ಇಲ್ಲ ಎಂಬ ಮಾತು ಕೇಳಿರಲಿಲ್ಲ. ಸೊಸೆಯ ಮುಖವನ್ನು ಯಾರೋ ಹೊಸಬರನ್ನು ನೋಡುವಂತೆ ಬಹಳ ಹೊತ್ತು ನೋಡಿದಳು. ವೈಶಾಲಿ ಕಣ್ಣು ತಗ್ಗಿಸಲಿಲ್ಲ. ಮುದುಕಿ ಕೈ ಹಿಂದೆ ತೆಗೆದುಕೊಂಡು, ಸೆರಗು ಸರಿ ಮಾಡಿಕೊಂಡು, ಪರದೆಯ ಕಡೆ ತಿರುಗಿದಳು.

"ಹಂಗಾರ ಲಗೂನ ಹತ್ತು," ಎಂದಳು. "ಅಲ್ಲಿ ಹೊತ್ತ ಮುಳಗಾಕತ್ತೈತಿ."

ವೈಶಾಲಿ ಹತ್ತತೊಡಗಿದಳು.